ಪುತ್ತೂರಿನ ಕಂಪ್ಯೂಟರ್ ಮತ್ತು ನನ್ನ ಹೊಟ್ಟೆಕಿಚ್ಚು

ಕೆಲವರಿಗೆ ಧೂಳು ಕಂಡರೆ ಸೀನು ಬರುವ ಹಾಗೆ ನನಗೆ ಗೆಳೆಯರ ಜೊತೆ ಎಲ್ಲಿಗೆ ಹೋದರೂ ಹೊಟ್ಟೆಕಿಚ್ಚು ಬರುತ್ತದೆ. ಹೊಟ್ಟೆಕಿಚ್ಚು ಬಂದ ಮೇಲೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಮದುವೆಗೆ ಹೋದರೂ ಆಗಿದೆ, ಹೆಣ ನೋಡಲಿಕ್ಕೆ ಹೋದಲ್ಲಿಯೂ ಆಗಿದೆ. ಆದರೆ ಹತ್ತು ದಿನ ಬಿಡುವಿಲ್ಲದೆ ಆದದ್ದು ಪುತ್ತೂರಿನ ಕಂಪ್ಯೂಟರ್ ಶಿಬಿರದಲ್ಲಿ ಮಾತ್ರ. ಎಂಬತ್ತರ ದಶಕದ ನಡುವಿನ ಮಾತು. ನಾನು ಸುಳ್ಯದಲ್ಲಿ ಬಿಎಸ್ಸಿ ಮೊದಲ ವರ್ಷ ಮುಗಿಸಿದ್ದೆ. ಕಂಪ್ಯೂಟರ್ ಎಂಬ ಪದವನ್ನು ನಮ್ಮ ಕಡೆ ಪೇಪರಿನಲ್ಲಿ ಓದಿದವರಿದ್ದರು, ಕಣ್ಣಿನಿಂದ ನೋಡಿದವರು ಯಾರೂ ಇರಲಿಲ್ಲ.

೧. ನಾನೊಬ್ಬನೇ ಹೋಗುವವನಿದ್ದೆ

ನಮ್ಮ ಗಣಿತದ ಲೆಕ್ಚರರು ಒಂದು ದಿನ ನನ್ನನ್ನು ಸ್ಟಾಫ್ ರೂಮಿಗೆ ಕರೆದು, "ಪುತ್ತೂರಿನ ಕಾಲೇಜಿನಲ್ಲಿ ರಜೆಯಲ್ಲಿ ಹತ್ತು ದಿನದ ಕಂಪ್ಯೂಟರ್ ಕ್ಯಾಂಪ್ ಉಂಟಂತೆ. ಪ್ರೋಗ್ರಾಂ ಬರೆಯಲಿಕ್ಕೆ ಕಲಿಸ್ತಾರೆ. ನಿನ್ನ ಹೆಸರು ಕಳಿಸಿದ್ದೇನೆ" ಅಂದರು. ಬೇರೆ ಯಾರ ಹೆಸರಾದರೂ ಕಳಿಸಿದ್ದೀರಾ ಎಂದು ಕೇಳಲಿಕ್ಕೆ ಧೈರ್ಯ ಬರಲಿಲ್ಲ. ಕೇಳಿ, ಅವರು ಹೌದು ಅಂದುಬಿಟ್ಟರೆ? ಹಾಗಾಗಿ ನಾನೊಬ್ಬನೇ ಎಂದು ನಾನೇ ನಿಶ್ಚಯ ಮಾಡಿಕೊಂಡು, ಊರಿಗೆ ಬಂದು ಬೆಳ್ಳಾರೆ ಪೇಟೆಯಿಡೀ ಸುದ್ದಿ ಹಂಚಿದೆ. ಪೋಸ್ಟಾಫೀಸಿನಲ್ಲಿ ಹೇಳಿದೆ, ಅಡಿಕೆ ಅಂಗಡಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಕೂದಲು ಅರ್ಧ ಆಗಿರುವಾಗ ಹೇಳಿದೆ.

ಕ್ಷೌರಿಕರು ಕತ್ತರಿ ನಿಲ್ಲಿಸಿ ಕೇಳಿದರು: "ಅದು ಎಂತ ಮಾಡುದು?"

"ಮನುಷ್ಯರು ತಲೆ ಉಪಯೋಗಿಸಿ ಮಾಡುವ ಕೆಲಸವನ್ನೆಲ್ಲ ಅದೇ ಮಾಡ್ತದೆ."

"ಹಾಗಾದ್ರೆ ನೀವು ಎಂತಕ್ಕೆ ಹೋಗುದು?" ಅಂದು ಅವರು ಕೂದಲು ಮುಂದುವರಿಸಿದರು.

ಹೊರಡುವ ದಿನ ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ, ಎದುರಿಗೆ ಪೆಟ್ಟಿಗೆಯ ಮೇಲೆ ಕೂತು ಕಡಲೆ ತಿನ್ನುತ್ತಿದ್ದವ ನಮ್ಮ ಕ್ಲಾಸಿನ ಕಡಬದ ಹುಡುಗ. ಅವನ ಮನೆಯವರು ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರು ಹಾಕಿದವರು. ಮನೆಯಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಪರೀಕ್ಷೆಯಲ್ಲಿ ಇಂಗ್ಲಿಷು, ಮೂರರಲ್ಲೂ ಫಸ್ಟು. ಗಣಿತದಲ್ಲಿ ಅವನಿಗೆ ಯಾವಾಗಲೂ ನನಗಿಂತ ಎರಡು ಮಾರ್ಕು ಜಾಸ್ತಿ. ಹತ್ತು ಜಾಸ್ತಿ ಇದ್ದಿದ್ದರೆ ನಾನು ಗೌರವಿಸುತ್ತಿದ್ದೆ. ಎರಡು ಮಾರ್ಕು ಇದೆಯಲ್ಲ, ಅದು ಬಹಳ ಉರಿ.

"ನೀನೂ ಬಂದಿಯಾ? ಒಳ್ಳೇದಾಯ್ತು ಮಾರಾಯ, ನಾನೊಬ್ಬನೇ ಅಂತ ಬೇಜಾರಾಗಿತ್ತು" ಅಂದ ಅವನು. ಒಬ್ಬನೇ ಆದದ್ದಕ್ಕೆ ಬೇಜಾರುಪಡುವ ಮನುಷ್ಯರೂ ಇರುತ್ತಾರೆ ಎಂದು ನನಗೆ ಗೊತ್ತಾದದ್ದೇ ಆಗ.

ಅದು ಸಾಲದೆಂಬಂತೆ ಮಧ್ಯಾಹ್ನದ ಹೊತ್ತಿಗೆ ಕಾಲೇಜು ಗೇಟಿನಲ್ಲಿ ಟಕ್ ಟಕ್ ಸದ್ದು. ಸಂಪಾಜೆಯವನು. ಅವನೂ ನಮ್ಮ ಕ್ಲಾಸೇ. ವಾಲಿಬಾಲಿನಲ್ಲಿ ಜಿಲ್ಲೆಗೆ ಆಡಿದವ, ಗಣಿತದಲ್ಲಿ ಪಾಸಾದರೆ ಮನೆಯಲ್ಲಿ ಪಾಯಸ ಮಾಡಿಸುವವ. ಕಾಲಿಗೆ ಬೂಟು, ಹೆಗಲಲ್ಲಿ ಖಾಕಿ ಚೀಲ, ಚೀಲಕ್ಕೆ ಕಟ್ಟಿದ ಒಂದು ಅಲ್ಯೂಮಿನಿಯಂ ತಟ್ಟೆ ಮತ್ತು ಲೋಟ. ಪುತ್ತೂರಿನಿಂದ ಬಂದ ಕಾಗದದಲ್ಲಿ 'ಕ್ಯಾಂಪ್' ಎಂಬ ಪದ ಕಂಡು ನಮ್ಮ ವ್ಯಾಯಾಮದ ಮೇಷ್ಟ್ರು ಗುಡ್ಡ ಹತ್ತಿಸುವ ಶಿಬಿರ ಎಂದುಕೊಂಡು ಅವನ ಹೆಸರನ್ನೂ ಸೇರಿಸಿದ್ದರಂತೆ.

ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಊಟದ ಹೊತ್ತಿಗೆ ಹಾಸ್ಟೆಲಿನಲ್ಲಿ ಗೊತ್ತಾಯಿತು, ಬಾಳೆಲೆ ಇನ್ನೂ ಬಂದಿಲ್ಲ. ಇಪ್ಪತ್ತನಾಲ್ಕು ಜನ ಹಸಿದು ಸಾಲಿನಲ್ಲಿ ಕೂತಿದ್ದೇವೆ. ಸಂಪಾಜೆಯವ ತನ್ನ ತಟ್ಟೆ ಬಿಚ್ಚಿ ನೆಲದ ಮೇಲೆ ಇಟ್ಟ. ಅಡುಗೆಯವರು ಬಂದು ಅವನೊಬ್ಬನಿಗೆ ಬಡಿಸಿ, ನಮ್ಮ ಕಡೆ ತಿರುಗಿ, "ಕ್ಯಾಂಪಿಗೆ ಬರುದಾದ್ರೆ ಹೀಗೆ ಬರ್ಬೇಕು" ಅಂದರು.

೨. ಇಲ್ಲದ ಜ್ವರ

ಕಂಪ್ಯೂಟರ್ ಎರಡಿದ್ದವು. ಟಿವಿಯಂಥ ಪೆಟ್ಟಿಗೆ, ಕೆಳಗೊಂದು ಟೈಪ್‌ರೈಟರಿನಂಥ ಹಲಗೆ. ಆ ಕೋಣೆಗೆ ಏಸಿ ಹಾಕಿದ್ದರು. ಪ್ರಿನ್ಸಿಪಾಲರಿಗೇ ಫ್ಯಾನು, ಅದಕ್ಕೆ ಏಸಿ. ಬಾಗಿಲಲ್ಲಿ ಅಟೆಂಡರು ನಿಂತು ನಮ್ಮ ಚಪ್ಪಲಿ ಬಿಡಿಸಿ, ಕಾಲು ತೊಳೆಸಿ, ಗೋಣಿಯಲ್ಲಿ ಒರೆಸಿ ಒಳಗೆ ಬಿಡುತ್ತಿದ್ದರು. "ಅದಕ್ಕೆ ಧೂಳು ಆಗುದಿಲ್ಲ, ಬಿಸಿ ಆಗುದಿಲ್ಲ, ಗಲಾಟೆ ಆಗುದಿಲ್ಲ" ಎಂದು ಅವರು ಪಟ್ಟಿ ಒಪ್ಪಿಸಿದಾಗ ಸಂಪಾಜೆಯವ, "ನಮ್ಮ ದೊಡ್ಡ ಭಾವನ ಹಾಗೆಯೇ" ಅಂದ.

ಮೇ ತಿಂಗಳ ಸೆಕೆಯಲ್ಲಿ ಕಡಬದವನ ಪೆಟ್ಟಿಗೆಯಿಂದ ಒಂದು ನೀಲಿ ಸ್ವೆಟರ್ ಹೊರಬಂದಿತ್ತು. ದಿಲ್ಲಿಯಲ್ಲಿ ನರ್ಸ್ ಆಗಿದ್ದ ಅವನ ಅಕ್ಕ ಕಳಿಸಿದ್ದು. ಕಂಪ್ಯೂಟರ್ ಇರುವಲ್ಲಿ ಚಳಿ ಇರುತ್ತದೆ ಎಂದು ಅವಳು ಕಾಗದ ಬರೆದಿದ್ದಳಂತೆ. ಪುತ್ತೂರಿನಲ್ಲಿ ಸ್ವೆಟರ್ ಎಂದು ನಾವು ಅದಕ್ಕೂ ನಕ್ಕಿದ್ದೆವು. ಏಸಿ ಕೋಣೆಯಲ್ಲಿ ಹತ್ತು ನಿಮಿಷ ಕೂತ ಮೇಲೆ ನಗು ನಿಂತು ಹಲ್ಲು ಕಟಕಟ ಅನ್ನತೊಡಗಿತು.

ಏಸಿಯ ಬಾಯಿಗೆ ನೇರವಾಗಿ ಕೂತಿದ್ದದ್ದು ಸುಳ್ಯ ಪೇಟೆಯ ಒಬ್ಬ ಹುಡುಗಿ. ಟೈಪಿಂಗ್ ಕಲಿತವಳು, ನಾವೆಲ್ಲ ಒಂದು ಅಕ್ಷರ ಹುಡುಕುವಾಗ ಅವಳು ಒಂದು ಸಾಲು ಮುಗಿಸುತ್ತಿದ್ದಳು. ನಾನು ಮೊದಲ ದಿನದಿಂದಲೇ ಅವಳ ಹತ್ತಿರ ಮಾತಾಡಲಿಕ್ಕೆ ಒಂದು ವಾಕ್ಯ ತಯಾರು ಮಾಡುತ್ತಿದ್ದೆ. ಅಂದು ಅವಳ ಬೆರಳು ಮರಗಟ್ಟಿ ನಿಂತಿತು. ಕಡಬದವ ಎದ್ದು, ಸ್ವೆಟರ್ ಬಿಚ್ಚಿ, "ಹಾಕಿಕೊಳ್ಳಿ" ಎಂದು ಕೊಟ್ಟ. ಒಂದೇ ಪದ. ನನ್ನ ವಾಕ್ಯದಲ್ಲಿ ಹನ್ನೊಂದು ಪದಗಳಿದ್ದವು.

ಆ ದಿನ ನನಗೆ ಊಟ ರುಚಿಸಲಿಲ್ಲ. ಮರುದಿನ ಬೆಳಿಗ್ಗೆ ಹಾಸ್ಟೆಲಿನ ಅಡುಗೆಯವರ ಕೆಂಪು ಕಂಬಳಿ ಕೇಳಿ ತಂದೆ. ಸ್ವೆಟರಿಗಿಂತ ಕಂಬಳಿ ದೊಡ್ಡದು, ಬೆಚ್ಚಗಿನದು. ಚಳಿಯಾದ ಕೂಡಲೇ ಅವಳಿಗೆ ಕೊಡುವುದು ಎಂದು ಲೆಕ್ಕ ಹಾಕಿ, ಅದನ್ನು ಹೊದ್ದುಕೊಂಡು ಅವಳ ಪಕ್ಕದ ಸ್ಟೂಲಿನಲ್ಲೇ ಕೂತೆ.

ನಮಗೆ ಪಾಠ ಹೇಳಲಿಕ್ಕೆ ಮಂಗಳೂರಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅವರು ನನ್ನನ್ನು ಕಂಡು ಹತ್ತಿರ ಬಂದು, "ಎಂತ, ಜ್ವರವಾ?" ಅಂದರು.

ಇನ್ನೊಬ್ಬರಿಗೆ ಹೊದಿಸಲಿಕ್ಕೆ ತಂದದ್ದು ಎಂದು ಹೇಳಲಿಕ್ಕಾಗುತ್ತದೆಯೇ? "ಸ್ವಲ್ಪ" ಅಂದೆ.

ಅವರು ಅಟೆಂಡರನ್ನು ಜೊತೆ ಮಾಡಿ ಡಾಕ್ಟರಲ್ಲಿಗೆ ಕಳಿಸಿಯೇಬಿಟ್ಟರು. ಡಾಕ್ಟರು ಥರ್ಮಾಮೀಟರ್ ಇಟ್ಟು ನೋಡಿ, "ಜ್ವರ ಇಲ್ಲವಲ್ಲ" ಅಂದರು. ಅಟೆಂಡರು ಬಿಡಲಿಲ್ಲ. "ಕಂಪ್ಯೂಟರ್ ಮೇಷ್ಟ್ರು ಉಂಟು ಅಂತ ಹೇಳಿದ್ದಾರೆ." ಡಾಕ್ಟರು ಒಂದು ಗಳಿಗೆ ಯೋಚಿಸಿ, ಕಲಿತವರು ಹೇಳಿದ ಮೇಲೆ ಇರಬಹುದು ಎಂದು ಸೂಜಿ ಚುಚ್ಚಿದರು. ಕೈಗಲ್ಲ.

ತಿರುಗಿ ಬಂದು ನಾನು ಸ್ಟೂಲಿನ ಒಂದು ಮಗ್ಗುಲಲ್ಲಿ ಕೂತಿದ್ದಾಗ, ನೀಲಿ ಸ್ವೆಟರಿನ ಒಳಗಿಂದ ಆ ಹುಡುಗಿ, "ಜ್ವರ ಹೇಗುಂಟು?" ಎಂದು ಕೇಳಿದಳು. ಇಡೀ ಶಿಬಿರದಲ್ಲಿ ಅವಳು ನನ್ನ ಹತ್ತಿರ ಆಡಿದ ಮಾತು ಅದೊಂದೇ. ಅದೂ ಇಲ್ಲದ ಜ್ವರದ ಬಗ್ಗೆ.

೩. ಮುಗಿಯದ ಹೆಸರು

ಮೇಷ್ಟ್ರು ಕಲಿಸಿದ ಮೊದಲ ಪ್ರೋಗ್ರಾಂ, ನಮ್ಮ ಹೆಸರು ಪರದೆಯ ಮೇಲೆ ಹತ್ತು ಸಲ ಬರುವ ಹಾಗೆ ಮಾಡುವುದು. ಮೆಷಿನಿಗೆ ಒಂದೊಂದು ಸಾಲಿನಲ್ಲಿ ಒಂದೊಂದು ಆಜ್ಞೆ ಬರೆಯಬೇಕು: ಹೆಸರು ಬರೆ, ಎಣಿಸು, ಹತ್ತಾಯಿತೋ ನೋಡು, ಆಗದಿದ್ದರೆ ಪುನಃ ಬರೆ, ಆಗಿದ್ದರೆ ನಿಲ್ಲಿಸು. "ನೀವು ಹೇಳಿದ್ದನ್ನು ಮಾತ್ರ ಅದು ಮಾಡ್ತದೆ. ಹೇಳದ್ದನ್ನು ಮಾಡುದಿಲ್ಲ" ಅಂದರು ಮೇಷ್ಟ್ರು.

ನನ್ನದು ಒಂದೇ ಏಟಿಗೆ ಸರಿ ಬಂತು. ಹತ್ತು ಸಲ ನನ್ನ ಹೆಸರು, ಒಂದರ ಕೆಳಗೊಂದು. ಮೇಷ್ಟ್ರು "ಸರಿ" ಅಂದು ಮುಂದೆ ಹೋದರು.

ಸಂಪಾಜೆಯವ ಒಂದೇ ಬೆರಳಿನಲ್ಲಿ, ಹುಲ್ಲಿನಲ್ಲಿ ಬಿದ್ದ ಮೂಗುತಿ ಹುಡುಕುವವನ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದ. ಹತ್ತಾಯಿತೋ ನೋಡು ಎಂಬ ಸಾಲು ಬರೆಯಲಿಕ್ಕೆ ಮರೆತ. ಓಡಿಸಿದ. ಅವನ ಹೆಸರು ಬಂತು, ಪುನಃ ಬಂತು, ಪರದೆ ತುಂಬಿತು, ತುಂಬಿದರೂ ನಿಲ್ಲದೆ ಮೇಲೆ ಮೇಲೆ ಹರಿಯತೊಡಗಿತು. ಕೋಣೆಯಲ್ಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಆಫೀಸಿನಿಂದ ಗುಮಾಸ್ತರು ಕಾಲು ತೊಳೆದುಕೊಂಡು ಬಂದರು.

"ಇದಕ್ಕೆ ಇನ್‌ಫೈನೈಟ್ ಲೂಪ್ ಅಂತ ಹೇಳ್ತಾರೆ" ಅಂದರು ಮೇಷ್ಟ್ರು.

ಅಟೆಂಡರು ಮೆಲ್ಲನೆ ಕೇಳಿದರು: "ಇದು ಎಷ್ಟು ದಿನ ಬರ್ತದೆ ಸರ್?"

"ನಿಲ್ಲಿಸದಿದ್ರೆ ನಾವೆಲ್ಲ ಸತ್ತ ಮೇಲೂ ಬರ್ತದೆ."

ಅಟೆಂಡರು ಸಂಪಾಜೆಯವನನ್ನು ತಲೆಯಿಂದ ಬೂಟು ಬಿಟ್ಟ ಕಾಲಿನವರೆಗೆ ನೋಡಿದರು. ಅಂದಿನಿಂದ ಅವನಿಗೆ ಚಹಾದ ಜೊತೆ ಎರಡು ಬಿಸ್ಕೆಟು. ಪಕ್ಕದಲ್ಲೇ ನನ್ನ ಪರದೆಯ ಮೇಲೆ ನನ್ನ ಹೆಸರು ಹತ್ತು ಸಲ ಬಂದು ತೆಪ್ಪಗೆ ನಿಂತಿತ್ತು. ಒಬ್ಬ ಗುಮಾಸ್ತರು ಅದನ್ನು ನೋಡಿ, "ಇವನದ್ದು ಬೇಗ ಮುಗಿಯಿತು" ಎಂದು ಮರುಕಪಟ್ಟರು.

ಸರಿಯಾಗಿ ಮಾಡಿದ್ದಕ್ಕೆ ಬೆಲೆ ಇಲ್ಲದಿದ್ದರೆ ತಪ್ಪು ಮಾಡಿಯೇ ತೋರಿಸುವುದು ಎಂದು ಮರುದಿನ ನಾನೂ ಆ ಸಾಲು ಬಿಟ್ಟು ಬರೆದೆ. ಮೆಷಿನು 'ಸಿಂಟಾಕ್ಸ್ ಎರರ್' ಅಂದಿತು, ನಾನು ಬರೆದದ್ದು ಅದಕ್ಕೆ ಅರ್ಥವೇ ಆಗಲಿಲ್ಲ. ಬದಲಿಸಿದೆ, ಪುನಃ ಎರರ್. ತಪ್ಪು ಮಾಡಲಿಕ್ಕೂ ಯೋಗ ಬೇಕು. ನನಗೆ ಸಿಕ್ಕಿದ ಅರ್ಧ ಗಂಟೆಯಲ್ಲಿ ಇಪ್ಪತ್ತೈದು ನಿಮಿಷ ಹೋದ ಮೇಲೆ ಕೊನೆಗೂ ಓಡಿತು. ನಾನು ಅಟೆಂಡರನ್ನು ಕರೆದು ನಿಲ್ಲಿಸಿಕೊಂಡೆ. ನನ್ನ ಹೆಸರು ಬಂತು. ಎರಡನೇ ಸಲ ಬಂತು. ಮೂರನೇ ಸಲ ಬರುವಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಾದ ಪರದೆಯನ್ನು ನೋಡುತ್ತಾ ಅಟೆಂಡರು ಹೇಳಿದರು: "ನಿಮ್ಮ ಹೆಸರು ಅದಕ್ಕೆ ತಡಕೊಳ್ಳಲಿಕ್ಕೆ ಆಗ್ಲಿಲ್ಲ ಕಾಣ್ತದೆ, ಮಾರಾಯ್ರೆ."

೪. ಕಂಪ್ಯೂಟರಿನ ಸಂಗೀತ

ಆ ಕಾಲದ ಆ ಮೆಷಿನು ಪ್ರೋಗ್ರಾಮನ್ನು ನೆನಪಿಟ್ಟುಕೊಳ್ಳುತ್ತಿದ್ದದ್ದು ಮಾಮೂಲಿ ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ. ನಮಗೆಲ್ಲ ಒಂದೊಂದು ಕ್ಯಾಸೆಟ್ ಕೊಟ್ಟಿದ್ದರು. ಭಾನುವಾರ ರಜೆ. ಕಡಬದವ ತನ್ನ ಕ್ಯಾಸೆಟ್ ಮನೆಗೆ ಒಯ್ದು ಅಪ್ಪನಿಗೆ ಕೇಳಿಸುತ್ತೇನೆ ಅಂದ. ಅವನ ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು. ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗೆಂದು ಬಿಡಲಿಕ್ಕಾಗುತ್ತದೆಯೇ? ನಾನೂ ನನ್ನದನ್ನು ಕಿಸೆಗೆ ಹಾಕಿ ಬೆಳ್ಳಾರೆ ಬಸ್ಸು ಹತ್ತಿದೆ.

ನಮ್ಮ ಪಕ್ಕದ ಮನೆಯ ಬ್ಯಾರಿ ಸಾಹೇಬರು ಗಲ್ಫಿನಿಂದ ಎರಡು ಸ್ಪೀಕರಿನ ಟೇಪ್‌ರೆಕಾರ್ಡರ್ ತಂದಿದ್ದರು. ಸಂಜೆ ಅವರ ಜಗಲಿಯಲ್ಲಿ ಹದಿನೈದು ಜನ ಸೇರಿದರು. ನಮ್ಮ ಅಪ್ಪ ಮುಂದಿನ ಬೆಂಚಿನಲ್ಲಿ, ಒಗೆದ ಅಂಗಿ ಹಾಕಿ ಕೂತಿದ್ದರು. ನಾನು ಎದ್ದು ನಿಂತು, "ಇದರಲ್ಲಿ ನಾನು ಬರೆದ ಪ್ರೋಗ್ರಾಂ ಉಂಟು" ಎಂದು ಹೇಳಿ ಗುಂಡಿ ಒತ್ತಿದೆ.

ಕೀಂ ಎಂದು ಒಂದು ಚೀರು. ಮತ್ತೆ ಕರ್ರ್ರ್ ಎಂದು ಗರಗಸದ ಹಾಗೆ. ಮತ್ತೆ ಕೀಂ. ಸಾಹೇಬರ ಮನೆಯ ಕೋಳಿಗಳು ಅಂಗಳ ಬಿಟ್ಟು ಓಡಿದವು. ಆದರೂ ಯಾರೂ ಏಳಲಿಲ್ಲ. ಕಲಿತವರ ವಿಷಯ ಎಂದು ಗಂಭೀರವಾಗಿ ಕೇಳಿದರು.

"ಪಂಪಿಗೆ ಗಾಳಿ ಹಿಡಿದ್ರೆ ಹೀಗೆಯೇ" ಎಂದು ಹಿಂದಿನಿಂದ ಒಬ್ಬರು.

"ಇದು ಯಾವ ಭಾಷೆ?" ಎಂದು ಇನ್ನೊಬ್ಬರು.

ಅಪ್ಪ ತಿರುಗಿ ಹೇಳಿದರು: "ಹೊಸ ಭಾಷೆ. ನಮಗೆ ಅರ್ಥ ಆಗುದಿಲ್ಲ."

ಸಾಹೇಬರು ಮಾತ್ರ ಟೇಪ್‌ರೆಕಾರ್ಡರಿನ ಮೇಲೆ ಕೈಯಿಟ್ಟು, "ಮಗಾ, ಇದರ ಒಳಗೆ ಎಂತಾದ್ರೂ ಹರೀತಾ ಉಂಟಾ?" ಎಂದು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಚೀರಾಟ ನಿಂತಿತು. ಒಂದು ಗಳಿಗೆ ನಿಶ್ಶಬ್ದ. ಆಮೇಲೆ ಚೆಂಡೆ ಬಡಿಯಿತು, ಮದ್ದಳೆ ಸೇರಿತು, ಭಾಗವತರು ಏರುಸ್ವರದಲ್ಲಿ ಪದ ಎತ್ತಿದರು. ಶಿಬಿರದವರು ನಮಗೆ ಹಂಚಿದ್ದು ಯಾರದ್ದೋ ಹಳೆಯ ಯಕ್ಷಗಾನದ ಕ್ಯಾಸೆಟ್. ನನ್ನ ಪ್ರೋಗ್ರಾಂ ಅದರ ತಲೆಯ ಮೇಲೆ ಒಂದು ನಿಮಿಷದಷ್ಟು ಮಾತ್ರ ಕೂತಿತ್ತು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಜಗಲಿಯಲ್ಲಿದ್ದವರ ಮುಖ ಅರಳಿತು. ಕಾಲಿನಲ್ಲಿ ತಾಳ ಹಾಕತೊಡಗಿದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಕಂಪ್ಯೂಟರು ಸುರುವಿಗೆ ಸ್ವಲ್ಪ ಕೆಮ್ಮುತ್ತದೆ. ಮತ್ತೆ ಪದ ಚಂದ ಹೇಳ್ತದೆ."

ಸೋಮವಾರ ಕಡಬದವನನ್ನು ವಿಚಾರಿಸಿದೆ. ಅವನ ಮನೆಯಲ್ಲಿ ಅರ್ಧ ನಿಮಿಷ ಕೇಳಿ ಎಲ್ಲರೂ ಎದ್ದು ಹೋದರಂತೆ. "ನಿಮ್ಮಲ್ಲಿ?" ಅಂದ. "ಪೂರ್ತಿ ಕೇಳಿದ್ರು" ಅಂದೆ. "ಆ ಬದಿ ಮುಗಿದ ಮೇಲೆ ತಿರುಗಿಸಿ ಹಾಕ್ಲಿಕ್ಕೆ ಹೇಳಿದ್ರು." ಅವನ ಮುಖ ಸಣ್ಣದಾಯಿತು. ಆ ಹತ್ತು ದಿನದಲ್ಲಿ ಅವನು ನನ್ನ ಮೇಲೆ ಹೊಟ್ಟೆಕಿಚ್ಚುಪಟ್ಟದ್ದು ಅದೊಂದು ಸಲ. ನಾನು ಕಾರಣ ಬಿಡಿಸಿ ಹೇಳಲಿಕ್ಕೆ ಹೋಗಲಿಲ್ಲ.

೫. ಹದಿನೇಳೆಂಟ್ಲ

ಕೊನೆಯ ದಿನ ಸಮಾರೋಪ. ಇಪ್ಪತ್ತನಾಲ್ಕು ಜನರ ಪ್ರೋಗ್ರಾಂಗಳಲ್ಲಿ ಎರಡನ್ನು ಮೇಷ್ಟ್ರು ಆರಿಸಿದ್ದರು. ಮುಖ್ಯ ಅತಿಥಿಗಳು ಎರಡನ್ನೂ ನೋಡಿ ಒಂದಕ್ಕೆ ಮೊದಲ ಬಹುಮಾನ ಕೊಡುವುದು. ಗೆದ್ದವನಿಗೆ ಮಂಗಳೂರಿನಲ್ಲಿ ಒಂದು ತಿಂಗಳ ದೊಡ್ಡ ಶಿಬಿರ. ಆರಿಸಿದ ಎರಡರಲ್ಲಿ ಒಂದು ನನ್ನದು, ಒಂದು ಕಡಬದವನದ್ದು.

ನನ್ನದು ಮಗ್ಗಿ. ಯಾವ ಸಂಖ್ಯೆ ಒತ್ತಿದರೂ ಅದರ ಮಗ್ಗಿ ಒಂದರಿಂದ ಹತ್ತರವರೆಗೆ ಪರದೆಯ ಮೇಲೆ ಬರುತ್ತದೆ. ಸರಿಯಾದ, ಮರ್ಯಾದಸ್ಥ ಪ್ರೋಗ್ರಾಂ. ಕಡಬದವನದ್ದು ಹಾಗಲ್ಲ; ಅದು ನಮಗೇ ಪ್ರಶ್ನೆ ಕೇಳುತ್ತದೆ. ಒಂದು ಗುಣಾಕಾರ ಕೊಡುತ್ತದೆ, ನಾವು ಉತ್ತರ ಒತ್ತಬೇಕು. ಸರಿಯಾದರೆ 'ರೈಟ್', ತಪ್ಪಾದರೆ 'ರಾಂಗ್' ಎಂದು ದೊಡ್ಡದಾಗಿ ತೋರಿಸುತ್ತದೆ. ಮೆಷಿನು ಮನುಷ್ಯನನ್ನು ಪರೀಕ್ಷೆ ಮಾಡುವುದನ್ನು ನೋಡಲಿಕ್ಕೆ ಎಲ್ಲರೂ ಅವನ ಸುತ್ತಲೇ ನಿಲ್ಲುತ್ತಿದ್ದರು. ನನಗೆ ಸೋಲು ಖಾತ್ರಿಯಾಗಿತ್ತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟರು. ಕಡಬದವ ಎರಡನೇ ಮೆಷಿನಿನಲ್ಲಿ ತನ್ನ ಪ್ರೋಗ್ರಾಂ ಹಾಕಿಟ್ಟು, ಒಂದು ಸಲ ಓಡಿಸಿ ನೋಡಿ, ಕೈ ತೊಳೆಯಲಿಕ್ಕೆ ಹೋದ. ಕೋಣೆಯಲ್ಲಿ ಉಳಿದದ್ದು ನಾನು. ಬಾಗಿಲ ಹೊರಗೆ ಬೂಟಿನ ದಾರ ಕಟ್ಟುತ್ತಾ ಸಂಪಾಜೆಯವ. ಏನು ಗ್ರಹಚಾರವೋ, ನನ್ನ ಕೈ ತನ್ನಷ್ಟಕ್ಕೆ ಹೋಯಿತು. ರೈಟ್, ರಾಂಗ್ ತೋರಿಸುವ ಒಂದೇ ಒಂದು ಸಾಲಿತ್ತು. ಅದನ್ನು ಪುನಃ ಬರೆದೆ, ಎರಡು ಪದಗಳನ್ನು ಅದಲುಬದಲು ಮಾಡಿ. ಸರಿ ಉತ್ತರಕ್ಕೆ ರಾಂಗ್, ತಪ್ಪು ಉತ್ತರಕ್ಕೆ ರೈಟ್. ಅರ್ಧ ನಿಮಿಷದ ಕೆಲಸ. ಎದ್ದು ಬರುವಾಗ ಸಂಪಾಜೆಯವ ನನ್ನ ಮುಖ ನೋಡಿದ. ಮತ್ತೆ ಬಗ್ಗಿ ಬೂಟಿನ ಗಂಟು ಬಿಗಿದ. ಅಟೆಂಡರು ಕೋಣೆಗೆ ಬೀಗ ಹಾಕಿದರು.

ಊಟಕ್ಕೆ ಕೂತರೆ ಅನ್ನ ಇಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಡಬದವ, "ಎಂತ ಮಾರಾಯ, ಹೆದರಿಕೆಯಾ? ನಿನ್ನದೂ ಒಳ್ಳೇದುಂಟು" ಎಂದು ತನ್ನ ಎಲೆಯ ಹಪ್ಪಳ ನನ್ನ ಎಲೆಗೆ ಹಾಕಿದ. ಆ ಹಪ್ಪಳ ಮುರಿಯಲಿಕ್ಕೂ ನನಗೆ ಕೈ ಬರಲಿಲ್ಲ. ಅರ್ಧ ಊಟಕ್ಕೆ ಎದ್ದು ಓಡಿದೆ, ಸಾಲು ಸರಿ ಮಾಡಿಬಿಡುವುದೆಂದು. ಬೀಗ. ಅಟೆಂಡರು, "ಇನ್ನು ಅತಿಥಿಗಳು ಬಂದ ಮೇಲೆಯೇ ತೆಗೆಯುದು. ಒಳಗೆ ರಂಗೋಲಿ ಹಾಕಿ ಆಗಿದೆ" ಅಂದರು.

ಮೂರು ಗಂಟೆಗೆ ಮುಖ್ಯ ಅತಿಥಿಗಳು ಬಂದರು. ಎಪ್ಪತ್ತು ದಾಟಿದ ಹಿರಿಯರು, ಬಿಳಿ ಪಂಚೆ, ಜರಿ ಶಾಲು, ಕೈಯಲ್ಲಿ ಬೆತ್ತ. ಕಾಲೇಜಿಗೆ ಆ ಕಟ್ಟಡವನ್ನೂ ಎರಡು ಕಂಪ್ಯೂಟರನ್ನೂ ಕೊಟ್ಟವರು ಅವರೇ. ಹಾಗಾಗಿ ಪ್ರಿನ್ಸಿಪಾಲರು ಅವರ ಹಿಂದೆ ಅರ್ಧ ಬಾಗಿಯೇ ನಡೆಯುತ್ತಿದ್ದರು. ನಮ್ಮ ಗಣಿತದ ಲೆಕ್ಚರರೂ ಸುಳ್ಯದಿಂದ ಬಂದು ಗೋಡೆಗೆ ಒರಗಿ ನಿಂತಿದ್ದರು.

ಮೊದಲು ಕಡಬದವನ ಮೆಷಿನು. ಹಿರಿಯರನ್ನು ಕೂರಿಸಿದರು. ಅವನು ಗುಂಡಿ ಒತ್ತಿದ. ಪರದೆಯಲ್ಲಿ ಪ್ರಶ್ನೆ ಬಂತು: ಹದಿನೇಳು ಗುಣಿಸು ಎಂಟು.

ನಾನು ಮನಸ್ಸಿನಲ್ಲೇ ಮುಂದಿನದ್ದನ್ನು ಲೆಕ್ಕ ಹಾಕಿದೆ. ಇವರು ಸರಿ ಉತ್ತರ ಹೇಳುತ್ತಾರೆ, ಮೆಷಿನು ರಾಂಗ್ ಅನ್ನುತ್ತದೆ, ಕಟ್ಟಡ ಕೊಟ್ಟವರಿಗೆ ಎಲ್ಲರೆದುರು ಅವಮಾನ, ಕಡಬದವನ ಕಥೆ ಮುಗಿಯಿತು.

ಹಿರಿಯರು ಕಣ್ಣು ಮುಚ್ಚಿ, "ಹದಿನೇಳೆಂಟ್ಲ... ಹದಿನೇಳೆಂಟ್ಲ..." ಎಂದು ಮಣಮಣ ಮಾಡಿ, ಕಣ್ಣು ಬಿಟ್ಟು, "ನೂರ ಇಪ್ಪತ್ತಾರು" ಅಂದರು. ಒಂದೊಂದೇ ಅಂಕಿ ಒತ್ತಿದರು.

ನಮ್ಮ ಲೆಕ್ಚರರು ಬಾಯಿ ತೆರೆದು ಮುಚ್ಚಿದರು. ನೂರ ಮೂವತ್ತಾರು ಆಗಬೇಕು.

ಪರದೆಯ ಮೇಲೆ ದೊಡ್ಡದಾಗಿ ಬಂತು: ರೈಟ್.

ಕಡಬದವನ ಮುಖದಲ್ಲಿ ರಕ್ತ ಇರಲಿಲ್ಲ. ಹಿರಿಯರು ಮಾತ್ರ ಪರದೆಯನ್ನೇ ನೋಡುತ್ತಾ ಕೂತರು. ಅವರ ಕಣ್ಣಲ್ಲಿ ನೀರು ಬಂತು. "ನಾಲ್ಕನೇ ಕ್ಲಾಸಿನಲ್ಲಿ ಇದೇ ಉತ್ತರ ಹೇಳಿದ್ದಕ್ಕೆ ಮೇಷ್ಟ್ರು ನನ್ನನ್ನು ಇಡೀ ದಿನ ಬೆಂಚಿನ ಮೇಲೆ ನಿಲ್ಲಿಸಿದ್ರು" ಅಂದರು. "ಅರುವತ್ತು ವರ್ಷದ ಮೇಲಾಯ್ತು. ನಾನು ಹೇಳಿದ್ದೇ ಸರಿ ಅಂತ ಹೇಳ್ಲಿಕ್ಕೆ ಒಂದು ಮೆಷಿನು ಬರ್ಬೇಕಾಯ್ತು."

ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಮಂಗಳೂರಿನ ಮೇಷ್ಟ್ರು, "ಇನ್ನೊಂದು ಪ್ರಶ್ನೆ ನೋಡುವಾ ಸರ್" ಅಂದರು. "ಸಾಕು, ನನಗೆ ಇದಕ್ಕಿಂತ ಹೆಚ್ಚು ಎಂತದೂ ಬೇಡ" ಎಂದು ಹಿರಿಯರು ಎದ್ದು ನನ್ನ ಮೆಷಿನಿಗೆ ಬಂದರು.

"ಇದರಲ್ಲಿ ಯಾವ ಮಗ್ಗಿ ಬೇಕಾದರೂ ಬರ್ತದೆ ಸರ್" ಅಂದೆ ನಾನು.

ಅವರು ಯಾವುದು ಒತ್ತಿದರೆಂದು ಹೇಳಬೇಕಾಗಿಲ್ಲ. ಹದಿನೇಳರ ಮಗ್ಗಿ ಒಂದೊಂದೇ ಸಾಲು ಇಳಿಯಿತು. ಎಂಟನೇ ಸಾಲಿನಲ್ಲಿ ಅವರ ಬೆತ್ತ ಪರದೆಗೆ ತಾಗಿ ನಿಂತಿತು. "ನೂರ ಮೂವತ್ತಾರು. ಇದು ತಪ್ಪು."

"ಇಲ್ಲ ಸರ್, ಸರಿ ಉಂಟು" ಅಂದೆ.

"ಆಚೆ ಮೆಷಿನು ನೂರ ಇಪ್ಪತ್ತಾರು ಸರಿ ಅಂತ ಒಪ್ಪಿದೆ. ಎರಡೂ ಒಂದೇ ಕಂಪೆನಿಯದ್ದಲ್ವಾ?"

"ಒಂದೇ ಸರ್" ಅಂದರು ಪ್ರಿನ್ಸಿಪಾಲರು.

"ಹಾಗಾದ್ರೆ ಮೆಷಿನಿನ ತಪ್ಪಲ್ಲ, ಬರೆದವನ ತಪ್ಪು."

ನಾನು ಸಹಾಯಕ್ಕೆ ನಮ್ಮ ಲೆಕ್ಚರರ ಕಡೆ ನೋಡಿದೆ. ಅವರು ತಲೆ ಎತ್ತಿ ಮಾಡಿನಲ್ಲಿ ಏನೋ ಹುಡುಕುತ್ತಿದ್ದರು. ನನ್ನ ಮಗ್ಗಿ ಸರಿ ಎಂದು ತೋರಿಸಬೇಕಾದರೆ ಆಚೆ ಮೆಷಿನು ಯಾಕೆ ತಪ್ಪಿತೆಂದು ಹೇಳಬೇಕು. ಅದು ಗೊತ್ತಿದ್ದವ ಆ ಕೋಣೆಯಲ್ಲಿ ನಾನೊಬ್ಬನೇ ಎಂದುಕೊಂಡಿದ್ದೆ. ಬಾಯಿ ಮುಚ್ಚಿ ನಿಂತೆ. ಹಿರಿಯರು ನನ್ನ ಬೆನ್ನು ತಟ್ಟಿ, "ಬೇಜಾರು ಮಾಡ್ಬೇಡ ಮಗಾ. ಹದಿನೇಳರ ಮಗ್ಗಿ ಕಷ್ಟದ್ದೇ. ಮನೆಯಲ್ಲಿ ಕೂತು ಬಾಯಿಪಾಠ ಮಾಡು" ಅಂದರು.

ಕಡಬದವನಿಗೆ ಮೊದಲ ಬಹುಮಾನ: ಮಂಗಳೂರಿನ ಶಿಬಿರ, ಜೊತೆಗೆ ಮೂರು ಬಟ್ಟಲಿನ ಒಂದು ಸ್ಟೀಲ್ ಟಿಫಿನ್ ಕ್ಯಾರಿಯರ್. ನನಗೆ ಎರಡನೇ ಬಹುಮಾನವೂ ಇಲ್ಲ; ಮಗ್ಗಿ ತಪ್ಪಿದವನಿಗೆ ಬಹುಮಾನ ಕೊಡುವುದು ಹೇಗೆ?

ಸಂಜೆ ಮೂವರೂ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತಿದ್ದೆವು. ಕಡಬದವ, "ಊಟಕ್ಕೆ ಹೋಗುವಾಗ ಅದು ಸರಿ ಇತ್ತು" ಅಂದ. ನಾನು ನೆಲ ನೋಡಿದೆ. "ಮತ್ತೆ ಆ ಸಾಲು ತೆಗೆದು ನೋಡಿದೆ. ರಾಂಗ್ ಅನ್ನುವ ಪದಕ್ಕೆ ಸುರುವಿನ ಡಬ್ಲ್ಯೂ ಇರ್ಲಿಲ್ಲ. ನಮ್ಮ ಕ್ಲಾಸಿನಲ್ಲಿ ಹಾಗೆ ಬರೆಯುದು ಒಬ್ಬನೇ."

"ತಪ್ಪಾಯ್ತು ಮಾರಾಯ" ಅಂದೆ. "ಹೊಟ್ಟೆಕಿಚ್ಚು."

ಅವನು ಮುಖ ಆಚೆ ತಿರುಗಿಸಿದ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ. "ನಾನು ಬರೆದ ಹಾಗೇ ಇದ್ದಿದ್ರೆ ಅವರಿಗೆ ರಾಂಗ್ ಅಂತ ಬರ್ತಿತ್ತು. ಪ್ರೈಜ್ ಬಿಡು, ಬೆತ್ತದಲ್ಲಿ ಎರಡು ಬೀಳ್ತಿತ್ತು. ಇದರಲ್ಲಿ ನಿನಗೂ ಪಾಲುಂಟು." ಅಂದವನೇ ಕ್ಯಾರಿಯರಿನ ಕೊಂಡಿ ಬಿಚ್ಚಿ, ಒಂದು ಬಟ್ಟಲು ನನ್ನ ಕೈಗೆ ಕೊಟ್ಟ. ಇನ್ನೊಂದನ್ನು ಸಂಪಾಜೆಯವನಿಗೆ ಕೊಟ್ಟ.

"ನನಗೆ ಎಂತಕ್ಕೆ?" ಅಂದ ಸಂಪಾಜೆಯವ.

"ನೀನು ಬಾಗಿಲಲ್ಲೇ ಇದ್ದೆಯಲ್ಲ. ನೋಡಿಯೂ ಬಾಯಿ ಬಿಡದೆ ಕೂತದ್ದಕ್ಕೆ."

ಅಷ್ಟರಲ್ಲಿ ಬೆಳ್ಳಾರೆ ಬಸ್ಸು ಬಂತು. ನಾನು ಬಟ್ಟಲು ಮಡಿಲಲ್ಲಿಟ್ಟು ಕಿಟಕಿಯ ಪಕ್ಕ ಕೂತೆ. ಎಂಥ ಒಳ್ಳೆಯ ಹುಡುಗ, ಇನ್ನು ಜೀವಮಾನದಲ್ಲಿ ಇವನ ಮೇಲೆ ಹೊಟ್ಟೆಕಿಚ್ಚುಪಡಬಾರದು ಎಂದು ಮನಸ್ಸಿನಲ್ಲೇ ಆಣೆ ಹಾಕಿದೆ. ಬಸ್ಸು ಹೊರಟಿತು. ಕೈಬೀಸಲಿಕ್ಕೆ ತಿರುಗಿ ನೋಡಿದರೆ, ಕಟ್ಟೆಯ ಮೇಲೆ ಅವನು ತನ್ನ ಬಟ್ಟಲಿಗೆ ಮುಚ್ಚಳ ಹಾಕುತ್ತಿದ್ದ. ಮೂವರಿಗೂ ಒಂದೊಂದು ಬಟ್ಟಲು ಸರಿ, ಮುಚ್ಚಳ ಮಾತ್ರ ಅವನಿಗೇ ಯಾಕೆ ಎಂದು ಯೋಚಿಸುತ್ತಾ ಯೋಚಿಸುತ್ತಾ ನಾನು ಬೆಳ್ಳಾರೆಯಲ್ಲಿ ಇಳಿಯಲಿಕ್ಕೆ ಮರೆತು ಮುಂದಿನ ಸ್ಟಾಪಿನಲ್ಲಿ ಇಳಿದೆ.